ಮೊದಲನೇ ಇಂಜೆಕ್ಷನ್‌ಗೇ ಮಗೂಗೆ ಜ್ವರ ಬಂತು, ಮುಂದಿನದು ಹಾಕಿಸ್ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ದು ಶಿಡ್ಲಘಟ್ಟದ ಹತ್ರ ಒಂದು ಹಳ್ಳಿ. ಮಗೂಗೆ ಈಗ ಮೂರೂವರೆ ತಿಂಗಳು. ಒಂದೂವರೆ ತಿಂಗಳಿಗೆ ತವರಲ್ಲಿದ್ದಾಗ ಅಂಗನವಾಡೀಲಿ ಎರಡೂ ತೊಡೆಗೆ ಇಂಜೆಕ್ಷನ್ ಹಾಕಿದ್ರು. ಅವತ್ತು ರಾತ್ರಿ ಮೈ ಕೆಂಡದ ಥರ ಸುಡ್ತಿತ್ತು, ಅತ್ತು ಅತ್ತು ಸುಸ್ತಾಗ್ಬಿಟ್ಟ. ಎಡ ತೊಡೇಲಿ ಗಂಟು ಈಗ್ಲೂ ಸ್ವಲ್ಪ ಕೈಗೆ ಸಿಗುತ್ತೆ. ಅತ್ತೆ ಇನ್ನು ಬೇಡವೇ ಬೇಡ ಅಂತಾರೆ. ನಮ್ಮ ಯಜಮಾನ್ರು ವಾಟ್ಸಾಪಲ್ಲಿ ಆಟಿಸಂ ಬರುತ್ತೆ ಅನ್ನೋ ವಿಡಿಯೋ ನೋಡಿ ಅವರೂ ಬೇಡ ಅಂತಿದಾರೆ. ಹೀಗಾಗಿ ಎರಡನೇದು ತಪ್ಪಿ ಹೋಗಿದೆ. ಎದೆಹಾಲು ಚೆನ್ನಾಗಿ ಕುಡೀತಾನೆ, ಪೋಲಿಯೋ ಹನಿ ಹಾಕ್ಸಿದೀವಿ, ಅಷ್ಟು ಸಾಲಲ್ವಾ? ಹಾಕಿಸೋದಾದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾ? ಪ್ರೈವೇಟಲ್ಲಿ ಜ್ವರ ಬರದೇ ಇರೋ ಇಂಜೆಕ್ಷನ್ ಇದೆಯಂತೆ, ಅದನ್ನೇ ಹಾಕ್ಸೋದು ಒಳ್ಳೇದಾ?

ಉತ್ತರ: ಮೊದಲು ನಿಮಗೆ ಬೇಕಾಗಿರೋ ಉತ್ತರ ಹೇಳ್ಬಿಡ್ತೀನಿ, ವಿವರ ಆಮೇಲೆ. ಹಾಕಿಸಿ. ಮತ್ತೆ ಮೊದಲಿಂದ ಶುರು ಮಾಡೋದು ಬೇಡ, ಹಾಕಿಸಿರೋ ಡೋಸ್ ಎಲ್ಲೂ ಹೋಗಲ್ಲ, ಅದು ಲೆಕ್ಕಕ್ಕೆ ಇದ್ದೇ ಇರುತ್ತೆ, ಬಿಟ್ಟ ಜಾಗದಿಂದ ಮುಂದುವರೆಸಿದ್ರೆ ಆಯ್ತು. ನಮ್ಮ ಕಡೆ ಬಹಳ ಊರಲ್ಲಿ ಗುರುವಾರ ಲಸಿಕೆ ದಿನ ಇರುತ್ತೆ, ನಿಮ್ಮೂರಿಗೆ ಯಾವ ಗುರುವಾರ ಬರ್ತಾರೆ ಅಂತ ಆಶಾ ಅವರನ್ನ ಕೇಳಿ, ತಾಯಿ ಕಾರ್ಡ್ ಹಿಡ್ಕೊಂಡು ಹೋಗಿ. ಈಗ ಎರಡನೇ ಪೆಂಟಾ, ಎರಡನೇ ಪೋಲಿಯೋ ಹನಿ, ಬೇಧಿ ತಡೆಯೋ ರೋಟಾ ಹನಿ ಎರಡನೇದು ಹಾಕ್ತಾರೆ, ಅದಾಗಿ ನಾಲ್ಕು ವಾರಕ್ಕೆ ಮೂರನೇದು. ಪಿಸಿವಿ ಮತ್ತೆ ತೋಳಿಗೆ ಹಾಕೋ ಪೋಲಿಯೋ ಇಂಜೆಕ್ಷನ್ ಐಪಿವಿ, ಇವೆರಡರ ಎರಡನೇ ಡೋಸ್‌ಗೆ ಮೊದಲನೇದಾಗಿ ಎಂಟು ವಾರ ಕಳೆದಿರ್ಬೇಕು, ನಿಮ್ಮ ಮಗೂಗೆ ಅದೂ ಆಗಿದೆ, ಅದನ್ನ ಯಾವತ್ತು ಹಾಕೋದು ಅಂತ ಸಿಸ್ಟರ್ ಕಾರ್ಡ್ ನೋಡಿ ಹೇಳ್ತಾರೆ.

ಈಗ ಆ ಜ್ವರದ ವಿಷಯ. ತೊಡೆಗೆ ಹಾಕಿದ ಎರಡರಲ್ಲಿ ಎಡಗಡೇದು ಪೆಂಟಾ, ಬಲಗಡೇದು ಪಿಸಿವಿ ಅಂದ್ರೆ ನ್ಯುಮೋನಿಯಾದು. ಪೆಂಟಾ ಅಂದ್ರೆ ಒಂದೇ ಸೂಜೀಲಿ ಐದು ಕಾಯಿಲೆಗೆ ತಡೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆ ಬಿ, ಮತ್ತೆ ಹಿಬ್ ಅನ್ನೋ ಬ್ಯಾಕ್ಟೀರಿಯಾದಿಂದ ಬರೋ ಮೆದುಳುಪೊರೆಯ ಸೋಂಕು, ನ್ಯುಮೋನಿಯಾ. ಇದರಲ್ಲಿ ನಾಯಿಕೆಮ್ಮಿನ ಭಾಗ ಇದ್ಯಲ್ಲ, ಅದನ್ನ ಆ ರೋಗಾಣುನ ಪೂರ್ತಿಯಾಗಿ ಸಾಯಿಸಿ ತಯಾರು ಮಾಡಿರ್ತಾರೆ, ಜ್ವರ ಮುಖ್ಯವಾಗಿ ಅದರಿಂದಾನೇ ಬರೋದು. ಈ ಥರದ ಲಸಿಕೆ ಹಾಕಿಸ್ಕೊಂಡ ಮಕ್ಕಳಲ್ಲಿ ಹತ್ತತ್ರ ಅರ್ಧದಷ್ಟು ಮಕ್ಕಳಿಗೆ ಜ್ವರ ಬರುತ್ತೆ, ಸಾಮಾನ್ಯವಾಗಿ ಅವತ್ತೇ ಸಂಜೆ ಇಲ್ಲ ರಾತ್ರಿ ಶುರುವಾಗಿ ಒಂದೆರಡು ದಿನದಲ್ಲಿ ಇಳಿದು ಹೋಗುತ್ತೆ. ಅಂದ್ರೆ ನಿಮ್ಮ ಮಗೂಗೆ ಆಗಿದ್ದು ಅಪರೂಪದ್ದಲ್ಲ, ಲಸಿಕೆ ಕೆಟ್ಟಿದೆ ಅಂತಾನೂ ಅಲ್ಲ. ಗಂಟೂ ಅಷ್ಟೇ, ಕೆಲವು ಮಕ್ಕಳಿಗೆ ವಾರಗಟ್ಟಲೆ ಗೋಲಿ ಥರ ಕೈಗೆ ಸಿಗುತ್ತೆ, ನೋವಿಲ್ಲದೆ ನಿಧಾನಕ್ಕೆ ಕರಗುತ್ತೆ. ಅದನ್ನ ಉಜ್ಜಬೇಡಿ, ಎಣ್ಣೆ ಹಾಕಿ ತಿಕ್ಕಬೇಡಿ, ಸುಣ್ಣ ಅರಿಶಿನ ಹಚ್ಚಬೇಡಿ, ಬಿಸಿ ಶಾಖ ಕೊಡಬೇಡಿ. ಕೆಂಪಗಾಗಿ ದಿನದಿಂದ ದಿನಕ್ಕೆ ದೊಡ್ಡದಾಗ್ತಿದ್ರೆ, ಕೀವು ಕಂಡ್ರೆ ಮಾತ್ರ ತೋರಿಸಿ.

ನನಗೆ ನಿಜವಾಗ್ಲೂ ಬೇಜಾರಾಗೋದು ಜ್ವರ ಬಂತಲ್ಲ ಅಂತ ಅಲ್ಲ, ಜ್ವರ ಬರುತ್ತೆ ಅಂತ ನಿಮಗೆ ಯಾರೂ ಮೊದಲೇ ಹೇಳಿರಲಿಲ್ವಲ್ಲ ಅಂತ. ಲಸಿಕೆ ಹಾಕಿದ ಮೇಲೆ ನಾಲ್ಕು ಮಾತು ಹೇಳಲೇಬೇಕು ಅಂತ ನಿಯಮಾನೇ ಇದೆ: ಯಾವ ಲಸಿಕೆ ಹಾಕಿದ್ದು, ಯಾವ ಕಾಯಿಲೆಗೆ ಅಂತ, ಏನೇನು ತೊಂದ್ರೆ ಆಗ್ಬಹುದು, ಆದ್ರೆ ಏನು ಮಾಡ್ಬೇಕು ಅಂತ, ಮುಂದಿನದಕ್ಕೆ ಯಾವಾಗ ಬರ್ಬೇಕು ಅಂತ, ಕಾರ್ಡ್ ಜೋಪಾನ ಮಾಡಿ, ಮುಂದಿನ ಸಲ ತನ್ನಿ ಅಂತ. ಎಲ್ಲಾ ಚೆನ್ನಾಗಿ ಹೇಳೋ ಸಿಸ್ಟರ್‌ಗಳು ತುಂಬಾ ಜನ ಇದಾರೆ, ಆದ್ರೆ ಒಂದೇ ಬೆಳಗ್ಗೆ ಮೂವತ್ತು ನಲವತ್ತು ಮಕ್ಕಳು ಅಳ್ತಾ ಸಾಲಲ್ಲಿ ನಿಂತಿರುವಾಗ ಆ ಎರಡನೇ ಮಾತು ನುಂಗಿ ಹೋಗುತ್ತೆ. ಅದೊಂದು ಮಾತು ಹೇಳಿದ್ರೆ ನಿಮ್ಮ ಮನೆಯವರು ಅವತ್ತು ರಾತ್ರಿ ಮಗು ಎತ್ಕೊಂಡು ಓಡಾಡುವಾಗ ‘ಬರುತ್ತೆ ಅಂದಿದ್ರಲ್ಲ, ಬಂದಿದೆ, ಹೋಗುತ್ತೆ’ ಅಂದ್ಕೊಳ್ತಿದ್ರು. ಹೇಳದೆ ಇದ್ದಿದ್ದಕ್ಕೆ ‘ಚೆನ್ನಾಗಿದ್ದ ಮಗೂನ ಹಾಳು ಮಾಡಿದ್ರು’ ಅನ್ನಿಸ್ತು. ಇಷ್ಟು ವರ್ಷ ಕೋಲಾರ ಚಿಕ್ಕಬಳ್ಳಾಪುರದ ಕಡೆಯ ತಾಯಂದಿರ ಜೊತೆ ಮಾತಾಡಿ ನನಗೆ ಗಟ್ಟಿಯಾಗಿ ಅನ್ನಿಸಿರೋದು ಇದೇ, ಲಸಿಕೆ ಬೇಡ ಅನ್ನೋರಲ್ಲಿ ಮುಕ್ಕಾಲು ಪಾಲು ಜನ ಲಸಿಕೆ ವಿರೋಧಿಗಳಲ್ಲ, ಉತ್ತರ ಸಿಗದೆ ಭಯ ಬಿದ್ದಿರೋರು. ಅವರಿಗೆ ಬುದ್ಧಿ ಇಲ್ಲ, ಮೂಢನಂಬಿಕೆ ಅಂತ ಬೈಯೋದು ಸುಲಭ, ಬೈದ್ರೆ ಮುಂದಿನ ಗುರುವಾರ ಅವರು ಬರಲ್ಲ ಅಷ್ಟೇ.

ಮುಂದಿನ ಸಲ ಏನು ಮಾಡ್ಬೇಕು ಅಂದ್ರೆ, ಇಂಜೆಕ್ಷನ್ ಆದ್ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ, ಬಸ್ ಹೋಗ್ಬಿಡುತ್ತೆ ಅಂತ ಓಡಿ ಬರಬೇಡಿ. ತೀವ್ರ ಅಲರ್ಜಿ ಅನ್ನೋದು ತೀರಾ ಅಪರೂಪ, ಆದ್ರೆ ಆಗೋದಾದ್ರೆ ಸಾಮಾನ್ಯವಾಗಿ ಆ ಹೊತ್ತಲ್ಲೇ ಆಗುತ್ತೆ, ಅದಕ್ಕೆ ಬೇಕಾದ ಔಷಧಿ ಸಿಸ್ಟರ್ ಹತ್ರ ಇರುತ್ತೆ. ಮನೆಗೆ ಬಂದ್ಮೇಲೆ ಹಾಲು ಜಾಸ್ತಿ ಸಲ ಕುಡಿಸಿ, ಸ್ವೆಟರ್ ಟೋಪಿ ಹಾಕಿ ಬಿಗಿಯಾಗಿ ಸುತ್ತಬೇಡಿ, ತೆಳ್ಳಗಿನ ಹತ್ತಿ ಬಟ್ಟೆ ಸಾಕು. ಜ್ವರ ಬಂದ್ರೆ ಪ್ಯಾರಸಿಟಮಾಲ್ ಕೊಡಿ, ಮಗು ತೂಕ ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ, ಬೇಕಾದ್ರೆ ಆರು ಗಂಟೆ ಬಿಟ್ಟು ಮತ್ತೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಇಲ್ಲಿ ಒಂದು ವಿಷಯ ದಯವಿಟ್ಟು ಗಮನ ಇಟ್ಟು ಓದಿ. ಮೆಡಿಕಲ್ ಸ್ಟೋರಲ್ಲಿ ಇದು ಡ್ರಾಪ್ಸ್ ಅಂತಾನೂ ಸಿಗುತ್ತೆ ಸಿರಪ್ ಅಂತಾನೂ ಸಿಗುತ್ತೆ, ಎರಡರ ಪವರ್ ಬೇರೆ ಬೇರೆ. ಡ್ರಾಪ್ಸಲ್ಲಿ ಸಾಮಾನ್ಯವಾಗಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತೆ, ಸಿರಪಲ್ಲಿ ಐದು ಎಂಎಲ್‌ಗೆ 120 ಅಥವಾ 125. ಸಿರಪ್ ಅಳತೇಲಿ ಡ್ರಾಪ್ಸ್ ಕೊಟ್ರೆ ನಾಲ್ಕು ಪಟ್ಟು ಜಾಸ್ತಿ ಹೋಗ್ಬಿಡುತ್ತೆ, ಲಿವರಿಗೆ ಅಪಾಯ. ಆದ್ರಿಂದ ಬಾಟಲಿ ಒಯ್ದು ಸಿಸ್ಟರ್‌ಗೆ ತೋರಿಸಿ, ಮಗು ತೂಕ ಹಾಕ್ಸಿ, ಎಷ್ಟು ಎಂಎಲ್ ಅಂತ ಕಾರ್ಡ್ ಮೇಲೇ ಬರೆಸ್ಕೊಂಡು ಬನ್ನಿ. ಮೂರು ಗಂಟೆಗಿಂತ ಹೆಚ್ಚು ಹೊತ್ತು ಸಮಾಧಾನಾನೇ ಆಗದಂಗೆ ಅಳ್ತಿದ್ರೆ, ಫಿಟ್ಸ್ ಬಂದ್ರೆ, ಮಗು ಮೈ ಬಿಟ್ಬಿಟ್ಟು ಬಟ್ಟೆ ಥರ ಆದ್ರೆ, ಉಸಿರಾಟ ಕಷ್ಟ ಆದ್ರೆ, ಹಾಲು ಪೂರ್ತಿ ಬಿಟ್ರೆ ರಾತ್ರಿ ಎಷ್ಟೇ ಹೊತ್ತಾಗಿರ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹಂಗೇನಾದ್ರೂ ಆಗಿದ್ರೆ ಮುಂದಿನ ಡೋಸ್‌ಗೆ ಮುಂಚೆ ಡಾಕ್ಟ್ರಿಗೆ ಹೇಳ್ಲೇಬೇಕು. ನೀವು ಬರೆದಿರೋದ್ರಲ್ಲಿ ಇದ್ಯಾವುದೂ ಇಲ್ಲ, ಜ್ವರ, ಅಳು, ಗಂಟು ಅಷ್ಟೇ, ಅದಕ್ಕೆ ಮುಂದಿನ ಡೋಸ್ ನಿಲ್ಲಿಸೋ ಕಾರಣ ಇಲ್ಲ.

‘ಪೋಲಿಯೋ ಹನಿ ಹಾಕ್ಸಿದೀವಿ, ಸಾಲಲ್ವಾ’ ಅಂತ ಕೇಳಿದೀರಿ. ಈ ಮಾತು ನಾನು ಬಾಗೇಪಲ್ಲೀಲೂ ಕೇಳಿದೀನಿ ಮುಳಬಾಗಿಲಲ್ಲೂ ಕೇಳಿದೀನಿ. 1995ರಿಂದ ಪಲ್ಸ್ ಪೋಲಿಯೋ ಅಂತ ಭಾನುವಾರ ಬೂತ್ ಹಾಕಿ, ಬಸ್ ಸ್ಟ್ಯಾಂಡಲ್ಲಿ, ಜಾತ್ರೇಲಿ, ಮನೆ ಬಾಗಿಲಿಗೂ ಬಂದು ಎರಡು ಹನಿ ಹಾಕಿ ಬೆರಳಿಗೆ ಗುರುತು ಹಾಕಿ ಹೋಗಿ ಹೋಗಿ, ದೇಶದಲ್ಲಿ ಕೊನೇ ಪೋಲಿಯೋ ಕೇಸ್ 2011ರ ಜನವರೀಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಸಿಕ್ತು, 2014ರ ಮಾರ್ಚಲ್ಲಿ ಭಾರತ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಬಂತು. ಅಷ್ಟು ದೊಡ್ಡ ಕೆಲಸ ಅದು. ಅದರಿಂದಾನೇ ನಮ್ಮ ಜನಕ್ಕೆ ಲಸಿಕೆ ಅಂದ್ರೆ ಪೋಲಿಯೋ ಅಂತ ಮನಸ್ಸಲ್ಲಿ ಕೂತಿದೆ. ‘ಮಗೂಗೆ ಏನೇನು ಹಾಕ್ಸಿದೀರಮ್ಮ’ ಅಂತ ಕೇಳಿದ್ರೆ ‘ಪೋಲಿಯೋ ಹಾಕ್ಸಿದೀವಿ ಸಾರ್, ಆಮೇಲೆ ತೋಳಿಗೆ ಒಂದು, ತೊಡೆಗೆ ಎರಡು’ ಅಂತಾರೆ, ಪೋಲಿಯೋ ಒಂದಕ್ಕೆ ಹೆಸರು ಗೊತ್ತು, ಮಿಕ್ಕಿದ್ದಕ್ಕೆಲ್ಲ ಜಾಗ ಗೊತ್ತು. ಓದಿರೋರು, ಬೆಂಗಳೂರಲ್ಲಿ ಕೆಲಸ ಮಾಡೋರೂ ಹೀಗೇ ಹೇಳ್ತಾರೆ, ಇದು ಅಕ್ಷರ ಬರೋದು ಬರದೇ ಇರೋದರ ಪ್ರಶ್ನೆ ಅಲ್ಲ. ಆದ್ರೆ ಆ ಹನಿ ತಡೆಯೋದು ಪೋಲಿಯೋ ಒಂದನ್ನೇ. ಸರ್ಕಾರದ ಪಟ್ಟೀಲಿ ಈಗ 12 ಕಾಯಿಲೆಗೆ ಲಸಿಕೆ ಇದೆ. ಮಗು ಹುಟ್ಟಿದ ಆಸ್ಪತ್ರೇಲೇ ಹಾಕಿರ್ತಾರಲ್ಲ, ಎಡ ತೋಳಿಗೆ ಬಿಸಿಜಿ, ಅದು ಚಿಕ್ಕ ಮಕ್ಕಳಿಗೆ ಬರೋ ಜೋರಾದ ಕ್ಷಯಕ್ಕೆ, ಜೊತೆಗೆ 24 ಗಂಟೆ ಒಳಗೆ ಕಾಮಾಲೆ ಬಿ. ಅಷ್ಟೊಂದು ಅವಸರ ಯಾಕೆ ಅಂತ ಕೆಲವರು ಕೇಳ್ತಾರೆ, ಹುಟ್ಟೋ ಹೊತ್ತಲ್ಲಿ ತಾಯಿಂದ ಆ ವೈರಸ್ ತಗುಲಿದ ಮಕ್ಕಳಲ್ಲಿ 90% ಮಕ್ಕಳಿಗೆ ಅದು ಜೀವನಪೂರ್ತಿ ಉಳ್ಕೊಂಡ್ಬಿಡುತ್ತೆ, ದೊಡ್ಡವರಾದ್ಮೇಲೆ ಲಿವರ್ ಹಾಳಾಗುತ್ತೆ, ಅವಸರ ಅದಕ್ಕೆ.

ಎದೆಹಾಲಿನ ಬಗ್ಗೆ ನೀವು ಹೇಳಿದ್ದು ತಪ್ಪಲ್ಲ, ಆದ್ರೆ ಪೂರ್ತಿ ಅಲ್ಲ. ಎದೆಹಾಲಲ್ಲಿ ಇರೋ ರಕ್ಷಣೆ ಹೆಚ್ಚಾಗಿ ಮಗು ಹೊಟ್ಟೆ, ಕರುಳಿಗೆ, ಬೇಧಿ ಕಡಿಮೆ ಆಗುತ್ತೆ, ಕಿವಿ ಸೋಂಕು ಕಡಿಮೆ ಆಗುತ್ತೆ, ಅದನ್ನ ಆರು ತಿಂಗಳು ಬರೀ ಹಾಲೇ ಕುಡಿಸಿ, ಆಮೇಲೂ ಮುಂದುವರೆಸಿ. ಇನ್ನು ರಕ್ತದಲ್ಲಿರೋ ರಕ್ಷಣೆ ಗರ್ಭದಲ್ಲಿದ್ದಾಗ ನಿಮ್ಮಿಂದ ಹೋಗಿರೋದು, ಅದು ತಿಂಗಳು ಕಳೆದ ಹಾಗೆ ಇಳೀತಾ ಹೋಗುತ್ತೆ. ನಾಯಿಕೆಮ್ಮು ಅತೀ ಹೆಚ್ಚು ಜೀವ ತೆಗೆಯೋದು ಆರು ತಿಂಗಳೊಳಗಿನ ಕೂಸುಗಳದ್ದೇ. ದೊಡ್ಡವರಿಗೆ ಬಂದ್ರೆ ಹೋಗದೇ ಇರೋ ಕೆಮ್ಮು ಅಷ್ಟೇ, ಕೂಸಿಗೆ ಬಂದ್ರೆ ಕೆಮ್ಮಿ ಕೆಮ್ಮಿ ತುಟಿ ನೀಲಿ ಆಗುತ್ತೆ, ತೀರಾ ಎಳೇ ಕೂಸು ಕೆಮ್ಮೋದೂ ಇಲ್ಲ, ಸುಮ್ನೆ ಉಸಿರು ನಿಲ್ಲಿಸಿಬಿಡುತ್ತೆ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು ಅಂತ ಹತ್ತಿರ ಹತ್ತಿರ ಮೂರು ಡೋಸ್ ಇಟ್ಟಿರೋದು ಆ ಅಪಾಯದ ತಿಂಗಳಲ್ಲೇ ರಕ್ಷಣೆ ಸಿಗ್ಲಿ ಅಂತ, ಒಂದು ಡೋಸಿಂದ ಆ ರಕ್ಷಣೆ ಅರೆಬರೆ. ನಿಮ್ಮ ಮಗು ಇವತ್ತು ನಿಂತಿರೋದು ಆ ಅರೆಬರೆ ಜಾಗದಲ್ಲಿ, ಅದಕ್ಕೇ ನಾನು ಇಷ್ಟು ಒತ್ತಿ ಹೇಳ್ತಿರೋದು. ‘ಆರೋಗ್ಯವಾಗಿರೋ ಮಗೂಗೆ ಯಾಕೆ’ ಅಂತ ಅತ್ತೆ ಕೇಳಿದ್ರೆ, ನಿಮ್ಮ ಕಡೆ ರೇಷ್ಮೆ ಹುಳ ಮೇಯಿಸೋರಿಗೆ ಇದು ಗೊತ್ತಿರೋ ವಿಷಯಾನೇ ಅಲ್ವಾ, ಹುಳ ಮನೇಗೆ ಔಷಧಿ ಹೊಡೆದು ಶುದ್ಧ ಮಾಡೋದು ಚಾಕಿ, ಅಂದ್ರೆ ಮರಿ ಹುಳ, ತರೋಕ್ಕೆ ಮುಂಚೆ, ಹುಳ ಸಾಯೋಕೆ ಶುರುವಾದ್ಮೇಲೆ ಅಲ್ಲ.

ಆಟಿಸಂ ವಿಡಿಯೋ ಬಗ್ಗೆ ನಿಮ್ಮ ಯಜಮಾನ್ರಿಗೆ ಇದನ್ನ ಓದಿ ಹೇಳಿ. ಆ ಮಾತು ಹುಟ್ಟಿದ್ದು 1998ರಲ್ಲಿ, ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನೋ ಡಾಕ್ಟ್ರು ಬರೀ 12 ಮಕ್ಕಳನ್ನ ಇಟ್ಕೊಂಡು ಬರೆದ ಒಂದು ಲೇಖನದಿಂದ, ಅದೂ ದಡಾರ, ಮಂಗನಬಾವು, ರುಬೆಲ್ಲಾಗೆ ಹಾಕೋ ಎಂಎಂಆರ್ ಲಸಿಕೆ ಬಗ್ಗೆ, ನಿಮ್ಮ ಮಗೂಗೆ ಹಾಕಿರೋ ಪೆಂಟಾ ಬಗ್ಗೆ ಅಲ್ವೇ ಅಲ್ಲ. ಅದರಲ್ಲಿ ಮಕ್ಕಳ ವಿವರಗಳನ್ನೇ ತಿರುಚಿದ್ರು ಅಂತ ಆಮೇಲೆ ಬಯಲಾಯ್ತು, 2010ರಲ್ಲಿ ಅದನ್ನ ಅಚ್ಚು ಹಾಕಿದ್ದ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇನೇ ಆ ಲೇಖನಾನ ವಾಪಸ್ ತಗೊಳ್ತು, ಅದೇ ವರ್ಷ ಆತನ ಡಾಕ್ಟರ್ ರಿಜಿಸ್ಟ್ರೇಷನ್ನೂ ಕಿತ್ತಾಕಿದ್ರು. ಡೆನ್ಮಾರ್ಕಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನ ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಫಲಿತಾಂಶ ಕೊಟ್ರು, ಲಸಿಕೆ ಹಾಕಿಸ್ಕೊಂಡೋರಿಗೂ ಹಾಕಿಸ್ಕೊಳ್ಳದೋರಿಗೂ ಆಟಿಸಂ ವಿಷಯದಲ್ಲಿ ವ್ಯತ್ಯಾಸ ಇಲ್ಲ ಅಂತ. ಹಾಗಾದ್ರೆ ಆ ವಿಡಿಯೋದಲ್ಲಿ ಅಳ್ತಿರೋ ತಾಯಿ ಸುಳ್ಳು ಹೇಳ್ತಿದಾಳಾ? ಹಂಗಲ್ಲ. ಆಟಿಸಂ ಲಕ್ಷಣ, ಅಂದ್ರೆ ಹೆಸರು ಕರೆದ್ರೆ ತಿರುಗಿ ನೋಡದೇ ಇರೋದು, ಕಲಿತಿದ್ದ ಒಂದೆರಡು ಮಾತು ಬಿಡೋದು, ಇದು ಮನೆಯವರ ಕಣ್ಣಿಗೆ ಬೀಳೋದು ಹೆಚ್ಚಾಗಿ ಒಂದೂವರೆ ಎರಡು ವರ್ಷಕ್ಕೆ, ಬೂಸ್ಟರ್ ಹಾಕೋ ವಯಸ್ಸೂ ಅದೇ, ಒಂದರ ಹಿಂದೆ ಒಂದು ಬಂದ್ರೆ ತಾಯಿ ಮನಸ್ಸು ಎರಡನ್ನೂ ಗಂಟು ಹಾಕುತ್ತೆ. ಆ ತಾಯಿ ದುಃಖ ನಿಜ, ಕಾರಣ ಮಾತ್ರ ಅದಲ್ಲ. ಇಂಥ ಭಯ ನಮ್ಮಲ್ಲಿ ಹೊಸದೂ ಅಲ್ಲ, 2017ರ ಫೆಬ್ರವರೀಲಿ ಕರ್ನಾಟಕದಲ್ಲಿ ದಡಾರ ರುಬೆಲ್ಲಾ ಅಭಿಯಾನ ಅಂತ ಒಂಬತ್ತು ತಿಂಗಳಿಂದ 15 ವರ್ಷದ ಮಕ್ಕಳಿಗೆಲ್ಲ ಹಾಕಿದಾಗ, ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗಲ್ಲ ಅನ್ನೋ ತನಕ ವಾಟ್ಸಾಪಲ್ಲಿ ಓಡಾಡ್ತು. ರುಬೆಲ್ಲಾ ಲಸಿಕೆ ಇರೋದೇ ಆ ಹೆಣ್ಣುಮಗು ಮುಂದೆ ಬಸುರಿ ಆದಾಗ ಹೊಟ್ಟೇಲಿರೋ ಕೂಸಿನ ಕಣ್ಣು ಕಿವಿ ಹೃದಯ ಕಾಪಾಡೋಕೆ.

ಅತ್ತೆಯವರನ್ನ ಒಪ್ಪಿಸೋದು ಹೇಗೆ ಅಂತ ನೀವು ಕೇಳಿಲ್ಲ, ಆದ್ರೆ ನಿಮಗೆ ಕಷ್ಟ ಆಗ್ತಿರೋದು ಅಲ್ಲೇ ಅಂತ ಕಾಣುತ್ತೆ. ಅವರ ಜೊತೆ ವಾದ ಮಾಡ್ಬೇಡಿ. ಅವರ ಚಿಕ್ಕಂದಿನಲ್ಲಿ ಊರಲ್ಲಿ ಮಕ್ಕಳಿಗೆ ಏನೇನು ಕಾಯಿಲೆ ಬರ್ತಿತ್ತು ಅಂತ ಕೇಳಿ. ದಡಾರ ಬಂದ್ರೆ ಬೇವಿನ ಸೊಪ್ಪು ಕಟ್ಟಿ ಮಗೂನ ಕತ್ತಲೆ ಕೋಣೇಲಿ ಮಲಗಿಸಿದ್ದು, ಕಾಲಿಗೆ ಪೋಲಿಯೋ ಆಗಿ ತೆವಳ್ಕೊಂಡು ಓಡಾಡ್ತಿದ್ದ ಹುಡುಗ, ಬಾಣಂತನದಲ್ಲೇ ಧನುರ್ವಾಯು ಬಂದು ಹೋದ ಕೂಸು, ಇಂಥವು ಆ ತಲೆಮಾರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆಮೇಲೆ ಅವರನ್ನೇ ಲಸಿಕೆ ದಿನ ಜೊತೇಲಿ ಕರ್ಕೊಂಡು ಹೋಗಿ, ಸಿಸ್ಟರ್ ಹೇಳೋದನ್ನ ಅವರೇ ಕೇಳಿಸ್ಕೊಳ್ಳಲಿ, ಡ್ರಾಪ್ಸ್ ಎಷ್ಟು ಕೊಡ್ಬೇಕು ಅಂತ ಅವರಿಗೇ ಜವಾಬ್ದಾರಿ ಕೊಡಿ. ಮಗು ಮೇಲೆ ಅವರಿಗಿರೋ ಪ್ರೀತಿಯಿಂದಾನೇ ಈ ಭಯ ಬಂದಿರೋದು.

ಇನ್ನೊಂದು ಕಾರಣ ಇದೆ ನಮ್ಮ ಕಡೆ ಡೋಸ್ ತಪ್ಪೋಕೆ, ಅದು ಭಯಾನೂ ಅಲ್ಲ. ಬಾಣಂತನ ತವರಲ್ಲಿ, ಮೂರೋ ಐದೋ ತಿಂಗಳಿಗೆ ಗಂಡನ ಮನೆ, ಕಾರ್ಡ್ ತವರಿನ ಬೀರೂಲಿ, ಇಲ್ಲಿನ ಆಶಾ ಪಟ್ಟೀಲಿ ಮಗು ಹೆಸರಿಲ್ಲ, ಅಲ್ಲಿನ ಪಟ್ಟೀಲಿ ಇದೆ ಆದ್ರೆ ಮಗು ಇಲ್ಲ. ಹೂವು ಕೀಳೋರು, ಟೊಮೆಟೊ ತೋಟಕ್ಕೆ ಹೋಗೋರು, ನರಸಾಪುರ ವೇಮಗಲ್ ಕಡೆ ಫ್ಯಾಕ್ಟರಿಗೆ ಹೋಗೋರು ಅರ್ಧ ದಿನ ಬಿಟ್ರೆ ಕೂಲಿ ಹೋಯ್ತು. ಇಂಥ ಮನೇಗೆ ಅರಿವು ಮೂಡಿಸ್ತೀವಿ ಅಂತ ಭಾಷಣ ಮಾಡಿ ಪ್ರಯೋಜನ ಇಲ್ಲ, ಅವರು ಬರೋ ಹೊತ್ತಿಗೆ ಲಸಿಕೆ ಸಿಗ್ಬೇಕು ಅಷ್ಟೇ. ನೀವು ಈಗ ಮಾಡ್ಬೇಕಾಗಿರೋದು, ಕಾರ್ಡಿನ ಎಲ್ಲಾ ಪುಟದ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ, ಗಂಡನ ಮನೆ ಊರಿನ ಆಶಾ ಹತ್ರ ಹೆಸರು ಬರೆಸಿ. ಯು-ವಿನ್ ಅನ್ನೋ ಸರ್ಕಾರದ ಲಸಿಕೆ ನೋಂದಣಿ ಆನ್‌ಲೈನ್ ವ್ಯವಸ್ಥೇಲಿ ಮೊಬೈಲ್ ನಂಬರ್ ಹಾಕಿ ನೋಂದಾಯಿಸಿದ್ರೆ ಯಾವ ಊರಲ್ಲಿ ಬೇಕಾದ್ರೂ ಹಾಕಿಸ್ಕೋಬಹುದು. ಹೋಗೋ ದಿನ ಮಗೂಗೆ ಸ್ವಲ್ಪ ನೆಗಡಿ, ಸ್ವಲ್ಪ ಬೇಧಿ ಇದ್ರೂ ಹಾಕಿಸ್ಬಹುದು, ಅದಕ್ಕೋಸ್ಕರ ಮುಂದೂಡ್ಬೇಡಿ, ಜೋರು ಜ್ವರ ಇದ್ರೆ ಮಾತ್ರ ಇಳಿದ ಮೇಲೆ.

ಒಂಬತ್ತು ತಿಂಗಳು ತುಂಬಿದ ತಕ್ಷಣ ಬರೋದನ್ನ ಮಾತ್ರ ಮರೀಲೇಬೇಡಿ. ಅವತ್ತು ದಡಾರ ರುಬೆಲ್ಲಾ ಮೊದಲನೇದು, ಪಿಸಿವಿ ಬೂಸ್ಟರ್, ಐಪಿವಿ ಮೂರನೇದು, ವಿಟಮಿನ್ ಎ, ಇದರ ಜೊತೆ ನಮ್ಮ ಭಾಗದಲ್ಲಿ ಮೆದುಳು ಜ್ವರದ ಜೆಇ ಲಸಿಕೆ. ಜೆಇ ಅನ್ನೋದು ಕೋಲಾರ ಜಿಲ್ಲೇಗೆ ಹಳೇ ಶತ್ರು, 1970ರ ದಶಕದ ಕೊನೇಲೇ ಇಲ್ಲಿ ಜೋರಾಗಿ ಕಾಣಿಸ್ಕೊಂಡಿತ್ತು, ನಿಮ್ಮ ಶಿಡ್ಲಘಟ್ಟಾನೂ 2007ರ ತನಕ ಕೋಲಾರ ಜಿಲ್ಲೇನೇ ಆಗಿತ್ತಲ್ಲ. ಗದ್ದೆ ನೀರಲ್ಲಿ ಬೆಳೆಯೋ ಸೊಳ್ಳೆ, ಹಂದಿ ಮತ್ತೆ ಕೊಕ್ಕರೆಗಳಿಂದ ವೈರಸ್ ತಗೊಂಡು ಮಕ್ಕಳಿಗೆ ಕಚ್ಚುತ್ತೆ, ಬಹಳ ಮಕ್ಕಳಿಗೆ ಏನೂ ಆಗಲ್ಲ, ಆದ್ರೆ ಮೆದುಳಿಗೆ ಹೋದ್ರೆ ಬದುಕಿದ್ರೂ ಎಷ್ಟೋ ಮಕ್ಕಳು ಮೊದಲಿನ ಹಾಗೆ ಆಗಲ್ಲ. ಇಲ್ಲಿ ಒಂದು ಹೆಮ್ಮೆಯ ವಿಷಯ ಹೇಳ್ಬೇಕು, 1980ರ ದಶಕದ ಶುರೂಲಿ ಕೋಲಾರದ ರೋಗಿಯೊಬ್ಬರಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಬೇರ್ಪಡಿಸಿದ ವೈರಸ್ಸಿಂದಾನೇ ಹೈದರಾಬಾದಿನ ಭಾರತ್ ಬಯೋಟೆಕ್ ಜೆನ್‌ವ್ಯಾಕ್ ಅನ್ನೋ ಲಸಿಕೆ ಮಾಡಿ 2013ರಲ್ಲಿ ಹೊರಗೆ ತಂತು. ನಮ್ಮ ನೆಲದ ಕಾಯಿಲೆಯಿಂದ ತಗೊಂಡ ಲಸಿಕೆ ಅದು.

ಇನ್ನು ಪ್ರೈವೇಟ್ ಪ್ರಶ್ನೆ. ಜ್ವರ ಬರದೇ ಇರೋದು, ನೋವಿಲ್ಲದ್ದು ಅಂತ ಹೇಳೋದು ನಾಯಿಕೆಮ್ಮಿನ ಭಾಗಾನ ಶುದ್ಧ ಮಾಡಿ, ಬೇಕಾದ ತುಂಡುಗಳನ್ನ ಮಾತ್ರ ಇಟ್ಟು ತಯಾರಿಸಿದ ಲಸಿಕೆ. ಜ್ವರ ಕಡಿಮೆ, ಅದು ನಿಜ, ಬರೋದೇ ಇಲ್ಲ ಅಂತಲ್ಲ. ಆದ್ರೆ ಅದರ ರಕ್ಷಣೆ ಸರ್ಕಾರದಲ್ಲಿ ಹಾಕೋದಕ್ಕಿಂತ ಬೇಗ ಇಳಿಯುತ್ತೆ, ಖರ್ಚು ಸಾವಿರಗಟ್ಟಲೆ. ನನ್ನ ಅಭಿಪ್ರಾಯ ಕೇಳಿದ್ರೆ ಅಂಗನವಾಡೀದೇ ಹಾಕಿಸಿ, ಒಂದು ರಾತ್ರಿ ಜ್ವರಕ್ಕೋಸ್ಕರ ಸಾಲ ಮಾಡ್ಬೇಡಿ. ದುಡ್ಡಿಗೆ ತೊಂದ್ರೆ ಇಲ್ದೋರು ಸರ್ಕಾರದ ಪಟ್ಟೀಲಿ ಇಲ್ದೇ ಇರೋ ಟೈಫಾಯಿಡ್, ಸೀತಾಳೆ ಸಿಡುಬು ಅಂತೀವಲ್ಲ ಆ ಚಿಕನ್ ಪಾಕ್ಸ್, ಮಂಗನಬಾವು ಲಸಿಕೆ ಹಾಕ್ಸೋಕೆ ಆ ದುಡ್ಡು ಉಪಯೋಗಿಸ್ಕೊಂಡ್ರೆ ಉತ್ತಮ. ಸರ್ಕಾರದ್ದು ಚೆನ್ನಾಗಿರುತ್ತಾ ಅನ್ನೋ ಅನುಮಾನ ಇದ್ರೆ ಸಿಸ್ಟರ್‌ಗೆ ‘ಸೀಸೆ ತೋರ್ಸಿ’ ಅಂತ ಕೇಳಿ, ಅವರು ಬೇಜಾರು ಮಾಡ್ಕೊಳ್ಳಲ್ಲ. ಸೀಸೆ ಮೇಲೆ ಒಂದು ನೇರಳೆ ಉಂಗುರ, ಅದರೊಳಗೆ ಒಂದು ಚೌಕ ಇರುತ್ತೆ. ಒಳಗಿನ ಚೌಕ ಉಂಗುರಕ್ಕಿಂತ ತೆಳು ಬಣ್ಣದಲ್ಲಿದ್ರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ ಅಂತ, ಚೌಕಾನೂ ಉಂಗುರದಷ್ಟೇ ಗಾಢ ಆಗಿದ್ರೆ ಅದನ್ನ ಹಾಕೋ ಹಾಗಿಲ್ಲ. ಸಿರಿಂಜೂ ಒಂದ್ಸಲ ಒತ್ತಿದ್ರೆ ಲಾಕ್ ಆಗೋ ಥರದ್ದು, ಇನ್ನೊಂದು ಮಗೂಗೆ ಉಪಯೋಗ್ಸೋಕೇ ಆಗಲ್ಲ. ನಿಮ್ಮ ಕಣ್ಣೆದುರಿಗೇ ಪ್ಯಾಕೆಟ್ ಒಡೆಯೋದನ್ನ ನೋಡಿ, ಯಜಮಾನ್ರು ಬಂದ್ರೆ ಅವರಿಗೂ ತೋರಿಸಿ.